ಮುಂಜಾನಿ ತಪ್ ತಪ್ ಸಪ್ಪಳ, ಗಾಡಿ ಒಳಗ ಹೊಗಿ ವಾಸನಿ: ಎಕ್ಸಾಸ್ಟ್ ಗ್ಯಾಸ್ಕೆಟ್ ಮನ್ಯಾಗೇ ಬದಲಿ ಮಾಡಬಹುದೇನ್ರಿ?

ಆಳಂದ ರೋಡ್:

ಎಲ್ಲರಿಗೂ ಶರಣ್ರಿ. ಕಲಬುರಗಿಯಿಂದ ಬರೀಲತ್ತೀನಿ. ನಂದು 2011ರ ಆಲ್ಟೊ, 796 ಸಿಸಿ ಪೆಟ್ರೋಲ್. ಹದಿನೈದು ದಿನ ಆಯ್ತು, ಮುಂಜಾನಿ ಚಾಲೂ ಮಾಡಿದ ಕೂಡ್ಲೇ ಬಾನೆಟ್ ಕೆಳಗಿಂದ ತಪ್ ತಪ್ ಅಂತ ಸಪ್ಪಳ ಬರ್ಲತ್ತದ. ಬಾಜೂ ಮನ್ಯಾಗ ಜ್ವಾಳದ ರೊಟ್ಟಿ ಬಡದಂಗ ಕೇಳ್ತದ. ರೇಸ್ ಕೊಟ್ರ ಇನ್ನೂ ಜೋರು. ಐದಾರು ನಿಮಿಷ ಓಡಿ ಇಂಜಿನ್ ಕಾದ ಮ್ಯಾಲ ಸಣ್ಣಗಾಗ್ತಾ ಆಗ್ತಾ ನಿಂತೇ ಬಿಡ್ತದ. ಸಿಗ್ನಲ್‌ನಾಗ ನಿಂತಾಗ ಒಳಗ ಹೊಗಿ ವಾಸನಿ ಹೊಡೀತದ. ಹೋದ ರವಿವಾರ ಅವ್ವನ್ನ ದವಾಖಾನಿಗೆ ಕರಕೊಂಡು ಹೋಗಿದ್ದೆ, ಇಳಿಯೋದ್ರಾಗ ತಲಿ ಹಿಡದದ ಅಂದ್ಲು.

ಒಂದು ಗ್ಯಾರೇಜಿನಾಗ ತೋರಿಸ್ದೆ. ಏನೂ ಬಿಚ್ಚಲಿಲ್ಲ, ಇಂಜಿನ್ನಿನ ಹೊಗಿ ಕೂಡಿಸಿ ಸೈಲೆನ್ಸರ್ ಕಡಿ ಒಯ್ಯೋ ಕೊಳವಿ, ಅದೇ ಮ್ಯಾನಿಫೋಲ್ಡಿನ ಅಂಚಿಗೆ ಹೊರಗಿಂದ ಕೆಂಪು ಸಿಲಿಕಾನ್ ಬಳದು 600 ರೂಪಾಯಿ ತೊಗೊಂಡ್ರು. ನಾಲ್ಕು ದಿನ ಸುಮ್ಮನಿತ್ತು, ಮತ್ತ ಅದೇ ಸಪ್ಪಳ. ನನ್ನ ಹಂತ್ಯಾಕ ಗೋಟಿ (ಸಾಕೆಟ್) ಸೆಟ್, ರಿಂಗ್ ಪಾನಾ, ಜಾಕ್ ಅವ. ಆಯಿಲ್, ಪ್ಲಗ್ ನಾನೇ ಬದಲಿ ಮಾಡ್ತೀನಿ. ಇಂಜಿನ್ನಿಗೂ ಮ್ಯಾನಿಫೋಲ್ಡಿಗೂ ನಡುವ ಹೊಗಿ ಸೋರದಂಗ ಕೂಡಿಸೋ ತೆಳು ಪದರ, ಅದೇ ಗ್ಯಾಸ್ಕೆಟ್, ಬದಲಿ ಮಾಡೋ ಕೆಲಸ ನನ್ನ ಕೈಲಿ ಆಗ್ತದೇನ್ರಿ?

ಬೀದರ ಪಾನಾ:

ಆಗ್ತದ ತಮ್ಮಾ. ಆದ್ರ ಮೊದಲ ಒಂದ್ ಮಾತು: ಇದು ರಿಪೇರಿ ಆಗೋ ತನಕ ಅವ್ವನ್ನ ಆ ಗಾಡಿಯಾಗ ಕೂಡಿಸಬ್ಯಾಡ. ನೀನೂ ಓಡಿಸೋದಿದ್ರ ಎಲ್ಲಾ ಗಾಜು ಇಳಸೇ ಓಡಸು. ವಾಸನಿ ಬರೋದು ಬ್ಯಾರೆ ಗ್ಯಾಸಿಂದು. ಅದರ ಜೋಡಿ ಬರೋ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣನೂ ಇಲ್ಲ, ವಾಸನಿನೂ ಇಲ್ಲ. ಮೊದಲ ತಲಿ ಹಿಡೀತದ, ಆಮ್ಯಾಲ ವಾಕರಿಕಿ, ನಿದ್ದಿ ಮಂಪರು. ಸೈಲೆನ್ಸರ್ ದಾರಿಯಾಗಿನ ಕ್ಯಾಟಲಿಟಿಕ್ ಕನ್ವರ್ಟರ್ ಡಬ್ಬಿ ಈ ವಿಷಾನ ಕಡಿಮಿ ಮಾಡ್ತದ ಖರೆ, ಆದ್ರ ನಿಂದು ಸೋರೋದು ಕನ್ವರ್ಟರ್‌ಗಿಂತ ಮೊದಲ. ಅಂದ್ರ ಹಸಿ ಹೊಗಿ ನೆಟ್ಟಗ ಬಾನೆಟ್ ಕೆಳಗ ತುಂಬಿ, ಮುಂದಿನ ಗಾಜಿನ ಬುಡದ ಜಾಳಿಗಿಯಿಂದ ಒಳಗ ಬರ್ಲತ್ತದ.

ಇಂಜಿನ್ ತಣ್ಣಗಿದ್ದಾಗ ಸಪ್ಪಳ, ಕಾದ ಮ್ಯಾಲ ಬಂದ್ ಅನ್ನೋದೇ ದೊಡ್ಡ ಗುರುತು. ಕಬ್ಬಿಣ ಕಾದು ಹಿಗ್ಗಿ ಸಂದು ಮುಚ್ಕೋತದ, ಆರಿದ ಮ್ಯಾಲ ಮತ್ತ ಬಾಯಿ ಬಿಡ್ತದ. ಇಂಜಿನ್ನಿನ ವಾಲ್ವ್ ಒತ್ತೋ ಟ್ಯಾಪೆಟ್ಟಿನ ಸಪ್ಪಳಾನೂ ಕೆಲವೊಮ್ಮೆ ಹಿಂಗೇ ಇರ್ತದ, ಹಂಗಾಗಿ ಸಾಮಾನ ತರೋಕಿಂತ ಮುಂಚೆ ಪಕ್ಕಾ ಮಾಡ್ಕೋ. ರಾತ್ರಿ ಪೂರಾ ನಿಂತ ಗಾಡಿ, ಬಯಲಾಗ. ಶೆಡ್ಡಿನಾಗ ಬ್ಯಾಡ, ಬಾಗಿಲ ತೆರದಿದ್ರೂ ಬ್ಯಾಡ. ಮ್ಯಾನಿಫೋಲ್ಡ್ ಮುಚ್ಚಿರೋ ತಗಡು, ಹೀಟ್ ಶೀಲ್ಡ್, ಬಿಚ್ಚಿಟ್ಟು ಚಾಲೂ ಮಾಡು. ಒಬ್ಬರು ದಪ್ಪ ಒದ್ದಿ ಅರಬಿ ಹಿಡದು ಸೈಲೆನ್ಸರ್ ಬಾಯಿ ಎರಡು ಮೂರು ಸೆಕೆಂಡ್ ಅರ್ಧ ಮುಚ್ಚಲಿ, ನೀ ಮುಂದ ಕಿವಿ ಇಡು. ಎಕ್ಸಾಸ್ಟ್ ಸೋರಿಕಿ ಇದ್ರ ಸಪ್ಪಳ ಆಗ ಜೋರಾಗ್ತದ, ಟ್ಯಾಪೆಟ್ ಇದ್ರ ಏನೂ ಫರಕ್ ಆಗಂಗಿಲ್ಲ. ಗೇಣುದ್ದ ರಬ್ಬರ್ ಪೈಪಿನ ಒಂದು ತುದಿ ಕಿವಿ ಹಂತ್ಯಾಕ ಹಿಡದು, ಇನ್ನೊಂದು ತುದಿ ಜೋಡಿನ ಸುತ್ತ ತಿರಗಿಸಿದ್ರ ಎಲ್ಲಿಂದ ಅನ್ನೋದೂ ಗೊತ್ತಾಗ್ತದ. ಫ್ಯಾನು, ಬೆಲ್ಟಿನ ಕಡಿ ಪೈಪ್ ಒಯ್ಯಬ್ಯಾಡ.

ಇನ್ನೊಂದು, ಮೈಲೇಜ್ ಬಿದ್ದದೇನು ನೋಡು. ಸೋರೋ ಸಂದಿನಿಂದ ಹೊಗಿ ಹೊರಗ ಬರೋದಷ್ಟೇ ಅಲ್ಲ, ಎರಡು ಉಸಿರಿನ ನಡುವ ಹೊರಗಿನ ಗಾಳಿ ಒಳಗೂ ಎಳಕೋತದ. ಹೊಗಿಯಾಗಿನ ಆಕ್ಸಿಜನ್ ಅಳಿಯೋ ಆಕ್ಸಿಜನ್ ಸೆನ್ಸರ್ ಅದನ್ನ ನೋಡಿ ಪೆಟ್ರೋಲ್ ಕಡಿಮಿ ಆಗ್ಯದ ಅಂತ ತಪ್ಪು ತಿಳಕೋತದ, ಇಂಜಿನ್ನಿನ ಕಂಪ್ಯೂಟರ್ ಹೆಚ್ಚಿಗಿ ಪೆಟ್ರೋಲ್ ಸುರೀತದ.

ಆಳಂದ ರೋಡ್:

ಅಣ್ಣಾರ, ಇವತ್ತ ನಸುಕಿನ್ಯಾಗ ನೋಡ್ದೆ. ಅರಬಿ ಹಿಡದ ಕೂಡ್ಲೇ ಸಪ್ಪಳ ಎರಡು ಪಟ್ಟು ಆಯ್ತು. ಬಂದ್ ಮಾಡಿ ಟಾರ್ಚ್ ಹಾಕಿ ನೋಡಿದ್ರ, ಹೊಗಿ ಹೊರಬರೋ ಮೂರನೇ ತೂತಿನ (ಪೋರ್ಟಿನ) ಕೆಳಗ, ಇಂಜಿನ್ನಿನ ಮ್ಯಾಲಿನ ಭಾಗ ಹೆಡ್ಡಿನ ಮ್ಯಾಲ ಕಾಡಿಗಿ ತೀಡಿದಂಗ ಕರೀ ಗೆರಿ ಮೂಡ್ಯದ. ಆ ಕೆಂಪು ಸಿಲಿಕಾನ್ ಸುಟ್ಟು ಹಪ್ಪಳದಂಗ ಉದುರ್ಲತ್ತದ. ಮೈಲೇಜೂ ಬಿದ್ದದ ಖರೆ. ಇನ್ನ ಬಿಚ್ಚೋದು ಹೇಳ್ರಿ. ನಟ್‌ಗಳಿಗೆ ಪೂರಾ ಜಂಗ್ ಹಿಡದದ, ಅದೇ ಅಂಜಿಕಿ.

ಬೀದರ ಪಾನಾ:

ಕರೀ ಗೆರಿ ಕಂಡ ಮ್ಯಾಲ ಇನ್ನ ಸಂಶಯ ಇಲ್ಲ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟೇ. ಸಿಲಿಕಾನ್ ಮರ್ತುಬಿಡು. ಕೆಂಪು ಸಿಲಿಕಾನ್ 300 ಡಿಗ್ರಿ ಚಿಲ್ಲರೆ ತಡೀತದ, ಜೋರಾಗಿ ಓಡಿದಾಗ ಮ್ಯಾನಿಫೋಲ್ಡ್ 500 ದಾಟ್ತದ. ಮ್ಯಾಲ ಅದರ ಹೊಗಿ ಆಕ್ಸಿಜನ್ ಸೆನ್ಸರನ್ನೂ ಕೆಡಸ್ತದ.

ನಿನ್ನ ಅಂಜಿಕಿ ಬರೋಬ್ಬರಿ ಅದ. ಗ್ಯಾಸ್ಕೆಟ್ ಹಾಕೋದು ಅರ್ಧ ತಾಸಿನ ಕೆಲಸ, ಈ ಕೆಲಸದ ಜೀವ ಇರೋದು ಸ್ಟಡ್ಡಿನಾಗ, ಅಂದ್ರ ಹೆಡ್ಡಿಗೆ ಕೂಡಿಸಿದ, ನಟ್ ಹಾಕೋ ಉಕ್ಕಿನ ಕಡ್ಡಿಯಾಗ. ಇವತ್ತ ಸಂಜಿಕ ತಣ್ಣಗಿದ್ದಾಗ ಜಂಗ್ ಬಿಡಿಸೋ ಎಣ್ಣಿ ಪ್ರತಿ ನಟ್ ಬುಡಕ್ಕ ಹೊಡಿ. ನಾಳಿ ಮುಂಜಾನಿ ಒಮ್ಮೆ, ಸಂಜಿಕ ಒಮ್ಮೆ. ನಡುವ ಗಾಡಿ ಚಾಲೂ ಮಾಡಬ್ಯಾಡ, ಎಣ್ಣಿ ಬಿಸಿ ಮ್ಯಾನಿಫೋಲ್ಡಿನ ಮ್ಯಾಲ ಬಿದ್ರ ಹೊಗಿ ಏಳ್ತದ, ಬೆಂಕಿನೂ ಹತ್ತಬಹುದು. ಮೂರನೇ ದಿನ ತಂತಿ ಬ್ರಶ್ಶಿಲೆ ಹೊರಗ ಕಾಣೋ ಸ್ಟಡ್ಡಿನ ಎಳಿ ಸ್ವಚ್ಛ ಮಾಡು, ಬ್ಯಾಟರಿ ಮೈನಸ್ ಬಿಚ್ಚು, ಆಕ್ಸಿಜನ್ ಸೆನ್ಸರಿನ ವೈರ್ ಕಳಚಿ ಕಡಿಗಿ ಕಟ್ಟು.

ಇನ್ನ ಗೋಟಿ ಆರು ಮೂಲಿದೇ ಬೇಕು. ಹನ್ನೆರಡು ಮೂಲಿದು ಜಂಗ್ ತಿಂದ ನಟ್ಟಿನ ಅಂಚು ಸವಸಿ ಜಾರ್ತದ. ಬಿಚ್ಚೋಕಿಂತ ಮುಂಚೆ ನಟ್ಟಿನ ತಲಿಗೆ ಸುತಗಿಲೆ ಎರಡು ಸಣ್ಣ ಏಟು. ಆಮ್ಯಾಲ ಬಿಗಿ ಮಾಡೋ ಕಡಿಗೇ ಕೂದಲೆಳಿಯಷ್ಟು ಒತ್ತು, ಜಂಗ್ ಮುರದ ಟಕ್ ಅನ್ನೋ ಸಪ್ಪಳ ಕೇಳ್ತದ. ಆಗ ಸಡಲ ಮಾಡು. ಕಾಲು ಸುತ್ತು ಹಿಂದ, ಎಣ್ಣಿ, ಮತ್ತ ಸ್ವಲ್ಪ ಮುಂದ, ಮತ್ತ ಹಿಂದ. ಕೈಗೆ ರಬ್ಬರ್ ಎಳದಂಗ ಮೆತ್ತಗ ಅನಿಸಿದ್ರ ಅಲ್ಲೇ ನಿಲ್ಲು. ನಟ್ ತಿರಗಲತ್ತಿಲ್ಲ, ಸ್ಟಡ್ ತಿರಚ್ಕೊಳ್ಲತ್ತದ ಅಂತ ಅರ್ಥ. ನಟ್ ಜೋಡಿ ಸ್ಟಡ್ಡೇ ಪೂರಾ ಹೊರಗ ಬಂದ್ರ ಹೆದರಬ್ಯಾಡ, ಅದು ಛಲೋನೇ ಆಯ್ತು. ಹೊಸ ಸ್ಟಡ್ ಹಾಕು. ನಟ್ ಮಾತ್ರ ಎಲ್ಲಾ ಹೊಸವೇ ಇರಲಿ.

ಕೆಳಗಿನ ಪೈಪಿನ ಜೋಡೂ ಬಿಚ್ಚಬೇಕಾಗ್ತದ, ಅದಕ್ಕ ಗಾಡಿ ಎತ್ತಬೇಕು. ನಿಮ್ಮನಿ ಅಂಗಳಕ್ಕ ಶಹಾಬಾದ್ ಫರ್ಸಿ ಹಾಸ್ಯಾರೇನು? ಫರ್ಸಿ ಪದರ ಪದರ ಕಲ್ಲು, ಕೆಳಗ ಪೊಳ್ಳಿದ್ರ ಎತ್ತಿದ ಗಾಡಿಗೆ ಆಧಾರ ಕೊಡೋ ಸ್ಟ್ಯಾಂಡಿನ ಕಾಲು ಕೂತ ಜಾಗಾದಾಗೇ ಬಿರೀತದ. ನಮ್ಮನ್ಯಾಗ ಒಮ್ಮೆ ಹಂಗಾಗಿ ಗಾಡಿ ನಾಲ್ಕು ಬೆರಳು ಕುಸೀತು, ಅವತ್ತು ಕೆಳಗ ಯಾರೂ ಇರಲಿಲ್ಲ. ಎರಡು ಇಂಚಿನ ದಪ್ಪ ಹಲಗಿ ಹಾಸಿ ಅದರ ಮ್ಯಾಲ ಸ್ಟ್ಯಾಂಡ್ ಇಡು. ಬರೇ ಜಾಕಿನ ಮ್ಯಾಲ ನಿಂತ ಗಾಡಿ ಕೆಳಗ ಹೋಗಬ್ಯಾಡ, ಎಷ್ಟೇ ಗಡಬಿಡಿ ಇರಲಿ.

ಯಾದಗಿರಿ ಲೇತ್:

ಬೀದರ ಅಣ್ಣಾ ಎಲ್ಲಾ ಬರೋಬ್ಬರಿ ಹೇಳ್ಯಾರ. ನಂದು ಎರಡೇ ಮಾತು. ಸ್ಟಡ್ ಹೆಡ್ಡಿನ ಸಮ ಮುರದ್ರ ಮನ್ಯಾಗ ಡ್ರಿಲ್ ಹಿಡೀಬ್ಯಾಡ್ರಿ. ಹೆಡ್ ಅಲ್ಯೂಮಿನಿಯಂ, ಸ್ಟಡ್ ಉಕ್ಕು. ಡ್ರಿಲ್ ಗಟ್ಟಿ ಬಿಟ್ಟು ಮೆತ್ತಗಿನ ಕಡಿಗೇ ಓಡ್ತದ, ತೂತೇ ಹಾಳಾಗ್ತದ. ಮುರದ ತುಂಡಿನ ಮ್ಯಾಲ ನಟ್ ಇಟ್ಟು ನಡುವಿನ ತೂತಿನಾಗ ವೆಲ್ಡಿಂಗ್ ಹೊಡಿಸಿದ್ರ, ಆ ಕಾವಿಗೇ ಜಂಗ್ ಸಡಲಾಗಿ ಪಾನಾಕ್ಕ ತಿರಗಿ ಬರ್ತದ. ಇದು ಅನುಭವ ಇದ್ದವರ ಕೈಲೇ ಆಗಬೇಕು.

ಎರಡನೇದು, ಮ್ಯಾನಿಫೋಲ್ಡ್ ಹೊರಗ ತಗದ ಮ್ಯಾಲ ಅದರ ಮುಖ ನೋಡ್ರಿ. ಸ್ಟೀಲ್ ಪಟ್ಟಿ ಅಡ್ಡಾ ಇಟ್ಟು ಸಂದು ಅಳಿಯೋ ಫೀಲರ್ ಗೇಜಿನ 0.1 ಎಂಎಂ ಎಲಿ ಹಾಕ್ರಿ. ಸಲೀಸಾಗಿ ಹೊಕ್ಕರ ಮ್ಯಾನಿಫೋಲ್ಡ್ ಸೊಟ್ಟಾಗ್ಯದ, ಮಷೀನಿನ ಮ್ಯಾಲ ಮುಖ ಸಮ ಹೊಡಸ್ರಿ. ಇದನ್ನ ನೋಡದೇ ಹೊಸಾ ಗ್ಯಾಸ್ಕೆಟ್ ಹಾಕಿದ್ರ ಮತ್ತ ಅದೇ ಪೋರ್ಟ್ ಸೋರ್ತದ. ಬೆಸುಗಿ ಹಂತ್ಯಾಕ ಸೀಳೂ ನೋಡ್ರಿ.

ಬೀದರ ಪಾನಾ:

ಹಳೇ ಗ್ಯಾಸ್ಕೆಟ್ ಒಣಗಿದ್ದಾಗ ಕೆರೀಬ್ಯಾಡ, ಗಾಳಿ ಹೊಡೀಬ್ಯಾಡ. ಹಳೇ ಮಾಲಿನಾಗ ಆಸ್ಬೆಸ್ಟಾಸ್ ಇರಬಹುದು, ಧೂಳು ಎದಿಗೆ ಹೋಗಬಾರದು. ನೀರು ಚಿಮುಕಿಸಿ ಒದ್ದಿ ಮಾಡಿ, ಮಾಸ್ಕ್ ಹಾಕ್ಕೊಂಡು, ಪ್ಲಾಸ್ಟಿಕ್ ಇಲ್ಲಾ ಹಿತ್ತಾಳಿ ಪಟ್ಟಿಲೆ ಕೆರಿ. ಛಿನ್ನಿ ತಾಗಿಸಿದ್ರ ಹೆಡ್ಡಿನ ಮ್ಯಾಲ ಗೀರು ಬೀಳ್ತದ. ಪೋರ್ಟಿನ ಬಾಯಿಗೆ ಅರಬಿ ತುರುಕಿರು, ಆಮ್ಯಾಲ ಎಣಿಸಿ ತಗಿ.

ಹೊಸಾದು ಒಣಾನೇ ಕೂಡಸು, ಪೇಸ್ಟ್ ಬ್ಯಾಡ. ಎಲ್ಲಾ ನಟ್ ಮೊದಲ ಬೆರಳಿಲೆ. ಆಮ್ಯಾಲ ನಡುವಿಂದ ಹೊರಗ, ಎರಡು ಮೂರು ಸುತ್ತಿನಾಗ ಸಮ ಸಮ ಬಿಗಿ. 8 ಎಂಎಂ ಸ್ಟಡ್ಡಿಗೆ ಸಾಮಾನ್ಯ 20ರಿಂದ 25 ನ್ಯೂಟನ್ ಮೀಟರ್, ಆದ್ರೂ ಗಾಡಿಯ ಸರ್ವಿಸ್ ಪುಸ್ತಕದಾಗಿನ ಅಂಕಿನೇ ಕೊನೀ ಮಾತು. ಅಂದಾಜಿಗೆ ಹೇಳ್ಬೇಕಂದ್ರ, ಗೇಣಿಗಿಂತ ತುಸು ಉದ್ದ, 25 ಸೆಂಟಿಮೀಟರ್ ಪಾನಾದ ತುದಿಗೆ ಹತ್ತು ಕಿಲೋ ಜಗ್ಗಿದಷ್ಟು. ಆದ್ರ ಕೈ ಅಳತಿ ನಂಬಬ್ಯಾಡ, ಬಿಗಿ ಅಳದು ತೋರಿಸೋ ಟಾರ್ಕ್ ಪಾನಾ ಯಾರದಾದ್ರೂ ಒಂದು ದಿನದ ಮಟ್ಟಿಗೆ ಕೇಳಿ ತೊಗೋ.

ಆಳಂದ ರೋಡ್:

ಆಯ್ತ್ರಿ ಅಣ್ಣಾರ! ಮೂರು ದಿನ ಎಣ್ಣಿ ಕುಡಿಸಿದ್ದಕ್ಕ ಒಂದೂ ಸ್ಟಡ್ ಮುರೀಲಿಲ್ಲ. ಎರಡು ಸ್ಟಡ್ ನಟ್ ಜೋಡಿ ಹೊರಗ ಬಂದವು, ಹೊಸವ ಹಾಕ್ದೆ. ಗ್ಯಾಸ್ಕೆಟ್ ಕೈಗೆ ಬಂದಾಗ ಮೂರನೇ ಪೋರ್ಟಿನ ಕಡಿ ಕಿರಬೆರಳಿನ ಉಗುರಷ್ಟು ಸುಟ್ಟು ಮಾಯ ಆಗಿತ್ತು, ಉಳಿದಿದ್ದು ಮುಟ್ಟಿದ್ರ ಬೂದಿ. ಸ್ಟೀಲ್ ಪಟ್ಟಿ ಇಟ್ಟು ನೋಡ್ದೆ, 0.1 ಎಲಿ ಎಲ್ಲೂ ಹೋಗಲಿಲ್ಲ. ಅಂಗಳದಾಗ ಫರ್ಸಿನೇ ಇತ್ತು, ಬೇವಿನ ಹಲಗಿ ಹಾಸಿದ್ದೆ.

ಬಿಸಿಲಿಗೆ ಅಂಜಿ ನಸುಕಿನ್ಯಾಗ ಐದಕ್ಕೇ ಶುರು ಮಾಡಿದ್ದೆ, ಹತ್ತರ ತನಕ ಹಿಡೀತು. ಮೊದಲ ಸಲ ಚಾಲೂ ಮಾಡಿದಾಗ ಸ್ವಲ್ಪ ಹೊಗಿ ಎದ್ದು ಎದಿ ಧಸಕ್ ಅಂತು. ಅದು ಚೆಲ್ಲಿದ ಎಣ್ಣಿದು ಏನ್ರಿ? ಸಪ್ಪಳ ಮಾತ್ರ ಪೂರಾ ಬಂದ್.

ಬೀದರ ಪಾನಾ:

ಹೌದು, ಎಣ್ಣಿದೇ. ಹತ್ತು ಹದಿನೈದು ನಿಮಿಷದಾಗ ಹೋಗ್ತದ, ಅಲ್ಲೀತನಕ ಬಯಲಾಗೇ ನಿಲ್ಲಿಸಿ ಇಂಜಿನ್ ಚಾಲೂ ಇಡು, ಹಂತ್ಯಾಕ ನಿಂತಿರು. ಎರಡು ಮೂರು ದಿನ ಓಡಿದ ಮ್ಯಾಲ, ಪೂರಾ ತಣ್ಣಗಾದಾಗ, ನಟ್ ಮತ್ತ ಅದೇ ಅಳತಿಗೆ ನೋಡು. ಗ್ಯಾಸ್ಕೆಟ್ ಕೂತ ಮ್ಯಾಲ ಸಡಲಾಗ್ತಾವ.

ಆಳಂದ ರೋಡ್:

ಇವತ್ತ ಮುಂಜಾನಿ ನೋಡ್ದೆ ಅಣ್ಣಾರ. ನಡುವಿನ ಎರಡು ನಟ್ ಅರ್ಧಪಾವು ಸುತ್ತು ತಿರಗಿದವು, ಉಳಿದವು ಗಟ್ಟಿ ಇದ್ವು. ಹೆಡ್ಡಿನ ಮ್ಯಾಲ ವರಸಿಟ್ಟ ಜಾಗ ಹಂಗೇ ಬೆಳ್ಳಗದ, ಕರೀ ಗೆರಿ ಮತ್ತ ಮೂಡಿಲ್ಲ. ಗಾಜು ಏರಿಸಿ ಇಪ್ಪತ್ತು ನಿಮಿಷ ಒಬ್ಬನೇ ಓಡಿಸಿ ನೋಡ್ದೆ, ವಾಸನಿ ಇಲ್ಲ, ತಲಿನೂ ಹಿಡೀಲಿಲ್ಲ. ನಾಳಿ ಅವ್ವನ್ನ ಕರಕೊಂಡು ದವಾಖಾನಿಗೆ ಹೊಂಟೀನಿ.