ಕೆಂಪಿಗೆ ಮನೆ ಬೇಕು, ಹೋದಲ್ಲಿಂದೆಲ್ಲ ವಾಪಸ್ ಕಳಿಸುತ್ತಿದ್ದಾರೆ. ಏನು ಮಾಡುವುದು?

ಶಿವಮೊಗ್ಗ_ಶೆಲ್ಟರ್:
ಎಲ್ಲರಿಗೂ ನಮಸ್ಕಾರ. ನಮ್ಮ ಶೆಲ್ಟರ್‌ನಲ್ಲಿ ಕೆಂಪಿ ಅಂತ ಒಂದು ನಾಟಿ ನಾಯಿ ಇದ್ದಾಳೆ. ಅವಳಿಗೆ ಮನೆಯೇ ನಿಲ್ಲುತ್ತಿಲ್ಲ. ಯಾರೋ ಪ್ರೀತಿಯಿಂದ ಕರೆದುಕೊಂಡು ಹೋಗುತ್ತಾರೆ, ಸ್ವಲ್ಪ ದಿನಕ್ಕೆ ಫೋನ್ ಬರುತ್ತದೆ: "ಮೇಡಂ, ಕಚ್ಚುತ್ತಾಳೆ, ಬಂದು ಕರೆದುಕೊಂಡು ಹೋಗಿ." ನಮ್ಮ ಹತ್ತಿರ ಇದ್ದಾಗ ಏನೂ ತೊಂದರೆ ಇಲ್ಲ! ಟ್ರೈನರ್ ಕರೆಸಿದ್ದಾಯಿತು, ವಾಟ್ಸಾಪ್ ಗ್ರೂಪಿಗೆಲ್ಲ ಫೋಟೋ ಹಾಕಿದ್ದಾಯಿತು. ಫೋಟೋ ನೋಡಿ ಅಯ್ಯೋ ಎಷ್ಟು ಮುದ್ದು ಅಂತ ಹತ್ತಾರು ಜನ ಬರೆಯುತ್ತಾರೆ, ಕಚ್ಚಿದ್ದಾಳೆ ಅಂದ ತಕ್ಷಣ ಒಬ್ಬರೂ ಇರುವುದಿಲ್ಲ. ಮಳೆಗಾಲ ಬೇರೆ, ಶೆಲ್ಟರ್ ತುಂಬಿ ಹೋಗಿದೆ. ಇಂಥ ನಾಯಿಗೆ ಮನೆ ಹುಡುಕಿದವರು ಯಾರಾದರೂ ಇದ್ದರೆ ಹೇಗೆ ಹುಡುಕಿದಿರಿ ಹೇಳಿ. "ನೀವೇ ಇಟ್ಟುಕೊಳ್ಳಿ" ಅಂತ ಮಾತ್ರ ಹೇಳಬೇಡಿ.

ತೋಟದಮನೆ:
ಅಕ್ಕಾ, ಇದಕ್ಕೆ ಯಾಕೆ ಇಷ್ಟು ಯೋಚನೆ. ತೋಟಕ್ಕೆ ಕೊಟ್ಟುಬಿಡಿ. ಕಚ್ಚುವ ನಾಯಿ ತೋಟಕ್ಕೆ ಬೇಕೇ ಬೇಕು. ತೀರ್ಥಹಳ್ಳಿ ಕಡೆ ಅಡಿಕೆ ತೋಟದವರು ಎಷ್ಟೋ ಜನ ಕೇಳುತ್ತಿರುತ್ತಾರೆ. ಹಗಲು ಚೈನು, ರಾತ್ರಿ ಬಿಡುವುದು. ಒಂದು ತಿಂಗಳಲ್ಲಿ ಸರಿ ಹೋಗುತ್ತದೆ.

ಜಯನಗರ_ವಾಕರ್:
ಮೊದಲು ವಿವರ ಕೊಡಿ ಮೇಡಂ. ವಯಸ್ಸೆಷ್ಟು? ಮರಿ ಆಗದ ಹಾಗೆ ಆಪರೇಷನ್ ಆಗಿದೆಯಾ? ಯಾರನ್ನು, ಯಾವಾಗ ಕಚ್ಚಿದ್ದು? ಚರ್ಮ ಹರಿದಿತ್ತಾ, ಬರೀ ಬಾಯಿ ಹಾಕಿದ್ದಾ? ಸುಮ್ನೆ ಕಚ್ಚುತ್ತಾಳೆ ಅಂದರೆ ಯಾರು ಏನು ಹೇಳಲು ಸಾಧ್ಯ? ಯಾವ ಬೆಲ್ಟ್ ಹಾಕುತ್ತೀರಿ, ಹಾರ್ನೆಸ್ ಇದೆಯಾ? ಕುತ್ತಿಗೆ ಎಳೆಯುವ ಚೋಕ್ ಚೈನು ಹಾಕಿದ್ದರೆ ಇವತ್ತೇ ಬಿಸಾಕಿ. ಎದೆ ಮೇಲೆ ಕೂರುವ ವೈ ಆಕಾರದ ಹಾರ್ನೆಸ್ ತಗೊಳ್ಳಿ. ನನ್ನ ಹತ್ತಿರ ಅಂಥದ್ದು ಮೂರು ಕಂಪನಿಯದ್ದಿದೆ, ಎರಡು ಕಡೆ ಕ್ಲಿಪ್ ಇರುವುದೇ ಬೆಸ್ಟು. ಜೊತೆಗೆ ಹತ್ತು ಮೀಟರ್ ಉದ್ದದ ಹಗ್ಗ. ನಮ್ಮವನು ಬೈಕ್ ಕಂಡರೆ ಹಾರುತ್ತಿದ್ದವನು ಈಗ ಸಿಗ್ನಲ್‌ನಲ್ಲಿ ಕೂತು ಕಾಯುತ್ತಾನೆ.

ಶಿವಮೊಗ್ಗ_ಶೆಲ್ಟರ್:
ಶೆಲ್ಟರ್ ನಾಯಿ ಅಂದ ಮೇಲೆ ಆಪರೇಷನ್ ಆಗಿಯೇ ಇರುತ್ತದೆ ಅಲ್ವಾ, ಕಿವಿಗೆ ಗುರುತೂ ಇದೆ. ರೇಬೀಸ್ ಲಸಿಕೆ ಆಗಿದೆ. ವಯಸ್ಸು ನಾಲ್ಕರ ಹತ್ತಿರ. ಕಚ್ಚುವುದು ಮನೆಯವರನ್ನೇ. ಒಂದು ಮನೆಯಲ್ಲಿ ಹುಡುಗನ ಕೈಗೆ ಹಲ್ಲು ತಾಗಿ ರಕ್ತ ಬಂತು, ಉಳಿದ ಕಡೆ ಬಾಯಿ ಹಾಕಿ ಬಿಟ್ಟಿದ್ದಾಳೆ. ನಮ್ಮಲ್ಲಿ ಬೆಲ್ಟೇ ಹಾಕುವುದಿಲ್ಲ, ಕಾಂಪೌಂಡ್ ಒಳಗೆ ಬಿಟ್ಟಿರುತ್ತೇವೆ. ನನಗೆ ಬೇಕಿರುವುದು ಮನೆ, ಹಾರ್ನೆಸ್ ಅಲ್ಲ ಸರ್.

ಬೆಳಗಾವಿ_ಕಾಕಾ:
ಹುಡುಗನ ಕೈಯನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದರಾ? ಇಂಜೆಕ್ಷನ್ ಕೊಡಿಸಿದರಾ? ನಾಯಿಗೆ ಲಸಿಕೆ ಆಗಿದೆ ಅಂತ ಮನುಷ್ಯರು ಬಿಡಬಾರದು. ಕಚ್ಚಿದ ದಿನ, ಆಮೇಲೆ 3, 7, 14, 28ನೇ ದಿನ, ಕೋರ್ಸ್ ಪೂರ್ತಿ ಮಾಡಿಸಬೇಕು. ಚರ್ಮದ ಒಳಗೆ ಕೊಡುವ ವಿಧಾನವಾದರೆ 14ನೇ ದಿನದ್ದು ಇರುವುದಿಲ್ಲ.

ಶಿವಮೊಗ್ಗ_ಶೆಲ್ಟರ್:
ಹೌದು ಕಾಕಾ, ಅದೇ ದಿನ ಮೆಗ್ಗಾನ್ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕೋರ್ಸ್ ಮುಗಿದಿದೆ.

ತೋಟದಮನೆ:
ಮನೆಯವರನ್ನೇ ಕಚ್ಚುತ್ತಾಳೆ ಅಂದರೆ ಮನೆಯಲ್ಲಿ ಯಜಮಾನಿಕೆ ಅವಳದ್ದು ಅಂತ ಅರ್ಥ. ನಾಯಿಗೆ ಮೊದಲ ದಿನವೇ ಯಜಮಾನ ಯಾರು ಅಂತ ಗೊತ್ತಾಗಬೇಕು. ನಾವು ಊಟ ಮಾಡಿದ ಮೇಲೆ ಅದಕ್ಕೆ ಊಟ. ಗುರ್ ಅಂದರೆ ಹಿಡಿದು ಮಗುಚಿ ನೆಲಕ್ಕೆ ಒತ್ತಬೇಕು. ತೋಟಕ್ಕೆ ಕೊಡಿ, ತಾನಾಗಿ ಕಲಿಯುತ್ತಾಳೆ.

ಜಯನಗರ_ವಾಕರ್:
ಇದನ್ನು ಯಾರೂ ಮಾಡಬೇಡಿ, ದಯವಿಟ್ಟು. ಈ ಯಜಮಾನಿಕೆ ಲೆಕ್ಕ ಬಂದದ್ದೇ ಗೂಡಿನಲ್ಲಿಟ್ಟ ತೋಳಗಳಿಂದ. ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ ಶೆಂಕೆಲ್ ಅನ್ನುವವರು 1947ರಲ್ಲಿ ಬರೆದರು. ಅಮೆರಿಕದ ತೋಳ ತಜ್ಞ ಡೇವಿಡ್ ಮೀಚ್ 1970ರ ತಮ್ಮ ಪುಸ್ತಕದಲ್ಲಿ ಅದನ್ನೇ ಜನಕ್ಕೆ ತಲುಪಿಸಿದರು. ಆಮೇಲೆ ಕಾಡಿನಲ್ಲೇ ತೋಳಗಳನ್ನು ನೋಡಿ, 1999ರಲ್ಲಿ ಅದೇ ಮೀಚ್ ಹೇಳಿದ್ದು ಏನು ಗೊತ್ತಾ, ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳು, ಅಷ್ಟೇ. ಗುರ್ ಅನ್ನುವುದು ಎಚ್ಚರಿಕೆ. ಅದನ್ನು ಹೊಡೆದು ನಿಲ್ಲಿಸಿದರೆ ಭಯ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ.

ತೋಟದಮನೆ:
ನಮ್ಮ ಅಜ್ಜನ ಕಾಲದಿಂದ ನಾಯಿ ಸಾಕಿದ್ದೇವೆ ಸ್ವಾಮಿ. ಸ್ವಿಟ್ಜರ್ಲೆಂಡ್ ನಮಗೆ ಬೇಡ.

ಮುಧೋಳ_ಜೋಡಿ:
ನಾಟಿ ನಾಯಿ ಇಷ್ಟಪಡುವವರಿಗೆ ಒಂದು ಮಾತು. ನಮ್ಮ ಮನೆಯಲ್ಲಿ ಎರಡು ಮುಧೋಳ ಇವೆ. ಮನೆಯ ಹಿಂದೆ 20 ಅಡಿಗೆ 10 ಅಡಿ ಜಾಗ ಬಿಟ್ಟು ನೆಲಕ್ಕೆ ಚಪ್ಪಡಿ ಕಲ್ಲು, ಮೇಲೆ ಶೀಟು, ಒಂದು ಬದಿಗೆ ಹಸಿರು ನೆಟ್ ಹಾಕಿಸಿದ್ದೇನೆ. ಬೆಳಿಗ್ಗೆ ಹೊಲದಲ್ಲಿ ಬಿಟ್ಟರೆ ಕಣ್ಣಿಗೆ ಸಿಗುವುದಿಲ್ಲ, ಆ ಓಟ ನೋಡಬೇಕು ನೀವು. 2005ರಲ್ಲಿ ಅಂಚೆ ಚೀಟಿಯಲ್ಲೂ ಬಂದ ತಳಿ, ಸೇನೆಯವರೂ ತರಬೇತಿ ಕೊಟ್ಟ ತಳಿ. ಇಷ್ಟು ವರ್ಷದಲ್ಲಿ ಮನೆಯವರಿಗೆ ಒಂದು ಸಲವೂ ಹಲ್ಲು ತೋರಿಸಿಲ್ಲ. ತಳಿ ನೋಡಿ ತರಬೇಕು.

ಶಿವಮೊಗ್ಗ_ಶೆಲ್ಟರ್:
ನಿಮ್ಮ ನಾಯಿಗಳು ಚೆನ್ನಾಗಿರಲಿ ಸರ್. ಇಲ್ಲಿ ಮಾತು ಕೆಂಪಿಯದ್ದು.

ಸಕಲೇಶಪುರ_ಎಸ್ಟೇಟ್:
ತೋಟದಮನೆಯವರಿಗೆ ಒಂದು ಪ್ರಶ್ನೆ. ಕಟ್ಟಿ ಹಾಕಿದ ನಾಯಿಯನ್ನು ಚಿರತೆ ಬಿಡುತ್ತದಾ? ನಮ್ಮ ಆಳುಗಳ ಲೈನ್ ಮನೆಗಳ ಹತ್ತಿರವೇ ಚೈನಿನಲ್ಲಿದ್ದ ನಾಯಿಗಳನ್ನು ಹೊತ್ತುಕೊಂಡು ಹೋಗಿದೆ, ಬೆಳಿಗ್ಗೆ ಬರೀ ಬೆಲ್ಟ್ ಉಳಿದಿತ್ತು. ರಾತ್ರಿ ಒಳಗೆ ಹಾಕುವವರಿದ್ದರೆ ಮಾತ್ರ ಕೊಡಿ ಮೇಡಂ. ಇನ್ನೊಂದು, ಅವಳಿಗೆ ಕೋಲು ಹಿಡಿದವರ ಭಯ ಇದೆಯಾ? ಅಡಿಕೆ ಗೊನೆ ಕೊಯ್ಯುವ ಕಾಲದಲ್ಲಿ ತೋಟದಲ್ಲಿ ದೋಟಿ ಅನ್ನುವ ಉದ್ದ ಕೋಲು ಹಿಡಿದು ಹೊಸ ಹೊಸ ಜನ ಓಡಾಡುತ್ತಿರುತ್ತಾರೆ. ಭಯದಿಂದ ಕಚ್ಚುವ ನಾಯಿ ಅಲ್ಲಿ ಮೊದಲು ಕಚ್ಚುವುದು ಆಳುಗಳನ್ನೇ.

ಶಿವಮೊಗ್ಗ_ಶೆಲ್ಟರ್:
ಇದೆ. ಗುಡಿಸುವ ಕೋಲು ಎತ್ತಿದರೂ ಮೂಲೆ ಸೇರುತ್ತಾಳೆ. ಬೈಪಾಸ್ ರಸ್ತೆ ಕೆಲಸ ನಡೆಯುವಲ್ಲಿ ಸಿಕ್ಕವಳು. ಅಲ್ಲಿಯ ಶೆಡ್ಡುಗಳನ್ನೆಲ್ಲ ತೆಗೆದಿದ್ದಾರೆ, ವಾಪಸ್ ಬಿಡೋಣ ಅಂದರೆ ಈಗ ಅಲ್ಲಿ ಬರೀ ಲಾರಿಗಳು.

ಹಾಸನ_ಪಶುವೈದ್ಯ:
ಶೆಲ್ಟರ್‌ನಲ್ಲಿ ಸರಿಯಿದ್ದು ಮನೆಯಲ್ಲಿ ಮಾತ್ರ ಕಚ್ಚುತ್ತಾಳೆ ಅಂದಿರಿ. ಹಾಗಾದರೆ ಎರಡೂ ಕಡೆ ಬೇರೆ ಇರುವುದು ಏನು ಅಂತ ನೋಡೋಣ. ಪ್ರತಿ ಮನೆಯಲ್ಲೂ ಬಾಯಿ ಹಾಕಿದ ಆ ಗಳಿಗೆಯಲ್ಲಿ ಏನು ನಡೆಯುತ್ತಿತ್ತು? ಕೈ ಎಲ್ಲಿತ್ತು? ನಿಮ್ಮಲ್ಲಿ ಊಟ ಏನು, ಅವರಲ್ಲಿ ಏನು ಹಾಕಿದರು? ಬಾಯಿ ತೆರೆದಿರುವ ಫೋಟೋ ಎರಡೂ ಬದಿಯಿಂದ ಹಾಕಿ.

ಶಿವಮೊಗ್ಗ_ಶೆಲ್ಟರ್:
ನಮ್ಮಲ್ಲಿ ಅನ್ನ, ಕೋಳಿ ಬೇಯಿಸಿದ್ದು, ಮೆತ್ತಗೆ ಕಲಸಿ ಹಾಕುತ್ತೇವೆ. ಹೊಸಬರು ಮನೆಗೆ ಹೋದ ದಿನವೇ ಅಂಗಡಿಯಿಂದ ಒಣ ಕಾಳಿನಂಥ ನಾಯಿ ಆಹಾರ, ಜಗಿಯುವ ಮೂಳೆ, ಬೆಲ್ಟ್ ಎಲ್ಲ ತರುತ್ತಾರೆ. ಒಬ್ಬರಿಗೆ ಬೆಲ್ಟ್ ಹಾಕುವಾಗ ಬಾಯಿ ಹಾಕಿದ್ದು. ಹುಡುಗ ಮೂಳೆ ಹತ್ತಿರ ಕೂತು ಕೆನ್ನೆ ಸವರಿದ್ದ. ಇನ್ನೊಂದು ಮನೆಯಲ್ಲಿ ಅಮ್ಮ ತಲೆ ಅಪ್ಪಿಕೊಂಡಿದ್ದರು. ಫೋಟೋ ಹಾಕಿದ್ದೇನೆ, ಅವಳು ಆಕಳಿಸುವಾಗ ತೆಗೆದದ್ದು. ಹಾ, ರಾತ್ರಿ ಹೊತ್ತು ಗೂಡಿನ ಜಾಲರಿ ಕಚ್ಚುತ್ತಾಳೆ, ಆದರೆ ಅದು ಇಲ್ಲಿ ಬಹಳ ನಾಯಿಗಳು ಮಾಡುತ್ತವೆ.

ಹಾಸನ_ಪಶುವೈದ್ಯ:
ಎಡಗಡೆಯ ಫೋಟೋ ದೊಡ್ಡದು ಮಾಡಿ ನೋಡಿ. ಎಡಗಡೆ ಹಲ್ಲಿನ ಮೇಲೆ ಹಳದಿ ಕಿಟ್ಟ ದಪ್ಪಗೆ ಕೂತಿದೆ, ಬಲಗಡೆ ಹೆಚ್ಚು ಕಡಿಮೆ ಸ್ವಚ್ಛ. ಅಂದರೆ ಅವಳು ಬಲಗಡೆಯಲ್ಲೇ ಜಗಿಯುತ್ತಾಳೆ. ಕೋರೆ ಹಲ್ಲಿನ ಹಿಂಬದಿ ಸವೆದಿದೆ, ಅದು ಜಾಲರಿ ಕಚ್ಚುವ ನಾಯಿಗಳ ಗುರುತು. ಮೇಲಿನ ದೊಡ್ಡ ದವಡೆ ಹಲ್ಲಿನ ಹೊರ ಪದರ ಸಿಡಿದ ಹಾಗೆ ಕಾಣುತ್ತಿದೆ. ಫೋಟೋ ನೋಡಿ ಖಾತ್ರಿ ಹೇಳಲಾರೆ, ಆದರೆ ಈ ಹಲ್ಲು ಮುರಿದು ಒಳಗಿನ ನರ ತೆರೆದುಕೊಂಡರೆ ವಿಪರೀತ ನೋವು. ನಾಯಿ ಊಟ ಬಿಡುವುದಿಲ್ಲ, ಅಳುವುದಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಕೀವು ತುಂಬಿದರೆ ಕಣ್ಣಿನ ಕೆಳಗೆ ಊತ ಬರುತ್ತದೆ. ಅದೇ ಕೆನ್ನೆ ಸವರಿದರೆ, ತಲೆ ಅಪ್ಪಿದರೆ, ಬೆಲ್ಟ್ ಕಿವಿ ದಾಟಿಸಿದರೆ ಏನಾಗಬೇಕು? ಕಿವಿ, ಕುತ್ತಿಗೆಯನ್ನೂ ತೋರಿಸಿ. ಉಣುಗಿನ ಜ್ವರಕ್ಕೆ ರಕ್ತ ಪರೀಕ್ಷೆಯನ್ನೂ ಮಾಡಿಸಿ. ನಿಮ್ಮ ಊರಿನಲ್ಲೇ ವೆಟರ್ನರಿ ಕಾಲೇಜು ಇದೆಯಲ್ಲ, ಅಲ್ಲಿಗೆ ಕರೆದುಕೊಂಡು ಹೋಗಿ.

ಬೆಳಗಾವಿ_ಕಾಕಾ:
ಅಲ್ಲಿ ತನಕ ನೋವಿಗೆ ಮನೆಯಲ್ಲಿರುವ ಮಾತ್ರೆ ಅರ್ಧ ಕೊಟ್ಟರೆ ಆಗುತ್ತದಲ್ಲ.

ಹಾಸನ_ಪಶುವೈದ್ಯ:
ಕೂಡದು. ಐಬುಪ್ರೊಫೆನ್ ನಾಯಿಯ ಹೊಟ್ಟೆಗೂ ಕಿಡ್ನಿಗೂ ವಿಷ. ಮನುಷ್ಯರ ನೋವಿನ ಮಾತ್ರೆ ಯಾವುದನ್ನೂ ಕೊಡಬೇಡಿ. ನಾಯಿಗೆ ಕೊಡುವ ಔಷಧ ಬೇರೆ, ತೂಕ ನೋಡಿ ಡಾಕ್ಟರೇ ಬರೆಯಬೇಕು.

ತೋಟದಮನೆ:
ಹಲ್ಲು ನೋವಿಗೆ ಯಾವ ನಾಯಿಯಾದರೂ ಕಚ್ಚುತ್ತದಾ? ನಮ್ಮ ತೋಟದಲ್ಲಿ ಮೂರು ಕಾಲಿನ ನಾಯಿ ಇದೆ, ಮಗು ಬಾಲ ಎಳೆದರೂ ಸುಮ್ಮನಿರುತ್ತದೆ.

ಜಯನಗರ_ವಾಕರ್:
ನಿಮ್ಮ ನಾಯಿ ತಡೆದುಕೊಂಡಿದೆ ಅಂತ ಎಲ್ಲ ನಾಯಿಗಳೂ ತಡೆದುಕೊಳ್ಳಬೇಕಾ? ಮಗುವಿಗೆ ಬಾಲ ಎಳೆಯಬೇಡ ಅಂತ ಹೇಳಿಕೊಡಿ ಮೊದಲು.

ಶಿವಮೊಗ್ಗ_ಶೆಲ್ಟರ್:
ತೋರಿಸಿದೆವು. ಡಾಕ್ಟರ್ ಊಹಿಸಿದ್ದೇ ಸರಿ, ಎಡಗಡೆ ಮೇಲಿನ ದವಡೆ ಹಲ್ಲು ಸೀಳಿ ಬೇರಿನ ತನಕ ಕೊಳೆತಿತ್ತು. ಅರಿವಳಿಕೆ ಕೊಟ್ಟು ತೆಗೆದರು. ಈಗ ಎಡಗೆನ್ನೆ ಮುಟ್ಟಿದರೆ ಸುಮ್ಮನಿರುತ್ತಾಳೆ, ನನ್ನ ಅಂಗೈಗೆ ತಾನೇ ಒರಗಿಸುತ್ತಾಳೆ! ಆದರೆ ಪೂರ್ತಿ ಸರಿ ಹೋಗಿಲ್ಲ. ಊಟದ ತಟ್ಟೆ ಹತ್ತಿರ ಗಂಡಸರು ಬಂದರೆ ಮೈ ಬಿಗಿ ಹಿಡಿದು, ತಟ್ಟೆ ಮೇಲೆ ತಲೆ ಇಟ್ಟು, ಕಣ್ಣು ಮಾತ್ರ ಓರೆ ಮಾಡಿ ಗುರ್ ಅನ್ನುತ್ತಾಳೆ. ಕೋಲಿನ ಭಯವೂ ಹಾಗೇ ಇದೆ. ಇದನ್ನು ಹೇಳಿದರೆ ಮತ್ತೆ ಯಾರೂ ಬರುವುದಿಲ್ಲ. ಜಾಹೀರಾತಿನಲ್ಲಿ ಏನಂತ ಬರೆಯಲಿ?

ಮುಧೋಳ_ಜೋಡಿ:
ಸಾಧು ನಾಯಿ, ಸ್ವಲ್ಪ ನಾಚಿಕೆ ಸ್ವಭಾವ ಅಂತ ಬರೆಯಿರಿ. ಮನೆಗೆ ಹೋದ ಮೇಲೆ ಅವರೇ ಹೊಂದಿಕೊಳ್ಳುತ್ತಾರೆ.

ಸಕಲೇಶಪುರ_ಎಸ್ಟೇಟ್:
ಮುಚ್ಚಿಟ್ಟು ಕೊಡಬೇಡಿ. ಕಚ್ಚಿದ ವಿಷಯ ಮುಚ್ಚಿಟ್ಟು ಕೊಟ್ಟ ನಾಯಿ ವಾಪಸ್ ಬರುತ್ತದೆ, ಅಷ್ಟೇ ಅಲ್ಲ, ಆ ಮನೆಯವರು ಇನ್ನೆಂದೂ ಶೆಲ್ಟರ್ ನಾಯಿ ಸಾಕುವುದಿಲ್ಲ, ಪಕ್ಕದ ಮನೆಯವರಿಗೂ ಬೇಡ ಅನ್ನುತ್ತಾರೆ. ನಾನು ಆಗಾಗ ಇಂಥ ನಾಯಿಗಳನ್ನು ಮನೆಯಲ್ಲಿಟ್ಟು ಆಮೇಲೆ ದತ್ತು ಕೊಡುತ್ತೇನೆ. ಸಿಟ್ಟಿನ ನಾಯಿ, ಸಾಧು ನಾಯಿ ಅನ್ನುವ ಮಾತೇ ಬರೆಯುವುದಿಲ್ಲ. ಏನಾದಾಗ ಏನು ಮಾಡುತ್ತದೆ, ಅದನ್ನಷ್ಟೇ ಬರೆಯುತ್ತೇನೆ. ಓದುವವರು ತಮ್ಮ ಮನೆಯಲ್ಲಿ ಅದು ಆಗುತ್ತದಾ ಇಲ್ಲವಾ ಅಂತ ತಾವೇ ಲೆಕ್ಕ ಹಾಕುತ್ತಾರೆ. ಕೆಂಪಿಗೆ ಹೀಗೆ ಬರೆಯಬಹುದು:

"ಕೆಂಪಿ, ಹೆಣ್ಣು, ವಯಸ್ಸು ಸುಮಾರು ನಾಲ್ಕು. ಆಪರೇಷನ್, ಲಸಿಕೆ ಆಗಿದೆ. ಹಲ್ಲು ನೋವಿದ್ದಾಗ ಮೂರು ಮನೆಗಳಲ್ಲಿ ಬಾಯಿ ಹಾಕಿದ್ದಾಳೆ, ಒಮ್ಮೆ ರಕ್ತ ಬಂದಿದೆ. ಆ ಹಲ್ಲು ತೆಗೆಸಿದೆ. ಊಟ ಮಾಡುವಾಗ ಹತ್ತಿರ ಹೋಗಬಾರದು. ಕೋಲು ಎತ್ತಿದರೆ ಹೆದರುತ್ತಾಳೆ. ಚಿಕ್ಕ ಮಕ್ಕಳಿಲ್ಲದ, ನೆಲಮಟ್ಟದ, ಕಾಂಪೌಂಡ್ ಇರುವ ಮನೆ ಬೇಕು. ಕಟ್ಟಿ ಹಾಕುವವರಿಗೆ ಕೊಡುವುದಿಲ್ಲ. ಪರಿಚಯ ಆದ ಮೇಲೆ ಕಾಲ ಮೇಲೆ ತಲೆಯಿಟ್ಟು ಮಲಗುತ್ತಾಳೆ."

ಜಯನಗರ_ವಾಕರ್:
ಚೆನ್ನಾಗಿದೆ. ತಟ್ಟೆ ವಿಷಯಕ್ಕೆ ಕೆಲಸ ಈಗಲೇ ಶುರು ಮಾಡಿ. ತಟ್ಟೆ ಕಿತ್ತುಕೊಂಡು ಪರೀಕ್ಷೆ ಮಾಡಬೇಡಿ, ಅದು ಭಯ ಹೆಚ್ಚಿಸುತ್ತದೆ. ಅವಳು ಗುರ್ ಅನ್ನದಷ್ಟು ದೂರದಲ್ಲಿ ಒಬ್ಬರು ಬಂದು ಬೆಂದ ಲಿವರ್ ಚೂರು ಎಸೆದು ಹೋಗಲಿ, ನಿಲ್ಲಬಾರದು. ದಿನಾ. ಮನುಷ್ಯ ಬಂದರೆ ತಟ್ಟೆಗೆ ಇನ್ನೂ ಒಳ್ಳೆಯದು ಬೀಳುತ್ತದೆ ಅಂತ ಗೊತ್ತಾದರೆ ತಲೆ ಎತ್ತಿ ಕಾಯುತ್ತಾಳೆ, ಆಮೇಲೆ ಒಂದು ಹೆಜ್ಜೆ ಹತ್ತಿರ. ಕಚ್ಚದ ಹಾಗೆ ಮೂತಿಗೆ ಹಾಕುವ ಬುಟ್ಟಿ ಆಕಾರದ ಮಝಲ್ ಅಭ್ಯಾಸ ಮಾಡಿಸಿ, ಬಾಯಿ ತೆರೆದು ಉಸಿರಾಡುವ ಹಾಗೆ, ನೀರು ಕುಡಿಯುವ ಹಾಗೆ ಇರಬೇಕು. ಒಳಗೆ ಮೊಸರು ಸವರಿ ಕೊಡಿ, ಮೂತಿ ತಾನೇ ಹಾಕಲಿ. ಬಟ್ಟೆಯ ಬಿಗಿ ಪಟ್ಟಿ ಬೇಡ, ಸೆಕೆಯಲ್ಲಿ ತೇಕಲೂ ಆಗುವುದಿಲ್ಲ.

ಬೆಳಗಾವಿ_ಕಾಕಾ:
ಮಝಲ್ ಹಾಕಿದ ನಾಯಿ ನೋಡಿದರೆ ಜನ ಇನ್ನೂ ಹೆದರುತ್ತಾರೆ.

ಜಯನಗರ_ವಾಕರ್:
ಹೆದರಲಿ ಕಾಕಾ, ದೂರ ನಿಲ್ಲುತ್ತಾರೆ. ಅವಳಿಗೆ ಬೇಕಿರುವುದೂ ಅದೇ.

ಶಿವಮೊಗ್ಗ_ಶೆಲ್ಟರ್:
ಜಾಹೀರಾತು ಹಾಗೇ ಹಾಕಿದೆವು. ಅಯ್ಯೋ ಮುದ್ದು ಅನ್ನುವವರು ಕಡಿಮೆ, ಪ್ರಶ್ನೆ ಕೇಳುವವರು ಜಾಸ್ತಿ. ಸಾಗರದಿಂದ ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ ಬಂದಿದ್ದರು. ಮನೆಯಲ್ಲಿ ಇಬ್ಬರೇ, ಹಿತ್ತಲಿಗೆ ಬೇಲಿ ಇದೆ, ರಾತ್ರಿ ಜಗಲಿಯ ಒಳಗೆ ಮಲಗಿಸುತ್ತಾರಂತೆ. ಮೇಷ್ಟ್ರಿಗೆ ಊರುಗೋಲು ಇದೆ. ಅದನ್ನು ನೋಡಿ ನನಗೆ ಎದೆ ಧಸಕ್ ಅಂತು. ಕೆಂಪಿ ಹಿಂದೆ ಸರಿದಳು. ಅವರು ಒಂದು ಮಾತೂ ಆಡದೆ ಕೋಲನ್ನು ನೆಲದ ಮೇಲೆ ಮಲಗಿಸಿ, ಕುರ್ಚಿಯಲ್ಲಿ ಪಕ್ಕಕ್ಕೆ ತಿರುಗಿ ಕೂತು, ಕೋಲಿನ ಉದ್ದಕ್ಕೂ ಲಿವರ್ ಚೂರು ಇಟ್ಟರು. ಬಹಳ ಹೊತ್ತು ಆದ ಮೇಲೆ ಬಂದು ತಿಂದಳು. ಪ್ರತಿ ಭಾನುವಾರ ಬರುತ್ತೇವೆ, ಅವಳು ಒಪ್ಪಿದ ಮೇಲೆ ಕರೆದುಕೊಂಡು ಹೋಗುತ್ತೇವೆ ಅಂದಿದ್ದಾರೆ. ಹೋದ ಮೇಲೂ ಮೂರು ತಿಂಗಳು ಶೆಲ್ಟರ್ ಹೆಸರಿನಲ್ಲೇ ಇರಲಿ, ಆಮೇಲೆ ದತ್ತು ಕಾಗದ ಮಾಡೋಣ ಅಂತ ಮಾತಾಗಿದೆ.

ಹಾಸನ_ಪಶುವೈದ್ಯ:
ಒಳ್ಳೆಯದು. ಹೋಗುವಾಗ ಜಗಿಯುವ ಮೂಳೆ, ಗಟ್ಟಿ ವಸ್ತು ಕೊಡಬೇಡಿ ಅಂತ ಬರೆದು ಕೊಡಿ. ನಿಮ್ಮಲ್ಲಿ ಜಾಲರಿ ಕಚ್ಚುವ ಉಳಿದ ನಾಯಿಗಳ ಬಾಯಿಯನ್ನೂ ನೋಡಿ. ದೀಪಾವಳಿಗೆ ಮುಂಚೆ ಕಳಿಸುವುದಾದರೆ ಪಟಾಕಿ ದಿನಗಳಿಗೆ ಏನು ಮಾಡಬೇಕು ಅಂತ ಮೊದಲೇ ಮಾತಾಡೋಣ, ಆ ವಾರ ಹೊಸ ಮನೆಯಿಂದ ಓಡಿ ಹೋಗುವ ನಾಯಿಗಳು ಬಹಳ.

ತೋಟದಮನೆ:
ನಾನು ಈಗಲೂ ತೋಟವೇ ಬೆಸ್ಟು ಅನ್ನುತ್ತೇನೆ. ಇರಲಿ. ಸಾಗರದಲ್ಲಿ ಯಾವ ಕಡೆ ಅಕ್ಕಾ? ಮೇಷ್ಟ್ರಿಗೆ ಬೇಲಿ ಗಟ್ಟಿ ಮಾಡಲು ಜಾಲರಿ ಬೇಕಿದ್ದರೆ ನಮ್ಮಲ್ಲಿ ಐದು ಅಡಿ ಎತ್ತರದ್ದು ಒಂದು ಸುರುಳಿ ಸುಮ್ನೆ ಬಿದ್ದಿದೆ.

ಶಿವಮೊಗ್ಗ_ಶೆಲ್ಟರ್:
ಬೇಕು. ಇನ್‌ಬಾಕ್ಸ್‌ಗೆ ನಂಬರ್ ಕಳಿಸಿದ್ದೇನೆ, ಭಾನುವಾರದ ಒಳಗೆ ತರಿಸಿಕೊಳ್ಳುತ್ತೇವೆ.