ದೊಡ್ಡ ಹಡಗು ಪಣಂಬೂರಿನ ಹೊಸ ಬಂದರಿಗೆ ಹೋಯ್ತು, ವ್ಯಾಪಾರ ಯಾಕೆ ಬಂದರ್‌ನಲ್ಲೇ ಉಳಿಯಿತು?

ಬಂದರ್ ಗುಮಾಸ್ತ:
ನಾನು ಮಂಗಳೂರು ಬಂದರ್‌ನ, ಅಂದ್ರೆ ಹಳೇ ಬಂದರಿನ ಪಕ್ಕದ ಪೇಟೆಯ, ಒಂದು ಸಗಟು ದಿನಸಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ನಮ್ಮ ಬೀದಿಗೆ ಒಂದು ಲಾರಿ ಹೊಕ್ಕರೆ ಎದುರಿನಿಂದ ರಿಕ್ಷಾ ಕೂಡ ಬರಲು ಆಗುವುದಿಲ್ಲ. ಮೆಣಸಿನ ಚೀಲ ಇಳಿಸಿ ಮುಗಿಯುವ ತನಕ ಹಿಂದಿನವರ ಹಾರ್ನ್ ನಿಲ್ಲುವುದಿಲ್ಲ. ಪೇಟೆಯಿಂದ ಹೊರಗೆ ಬೈಕಂಪಾಡಿಯಲ್ಲಿ ಎಪಿಎಂಸಿ (ಕೃಷಿ ಮಾರುಕಟ್ಟೆ) ಯಾರ್ಡ್ ಉಂಟು, ಹೆದ್ದಾರಿ ಉಂಟು. ಆದ್ರೂ ಎಲ್ಲರೂ ಇಲ್ಲೇ ಯಾಕೆ? ಊರು ಮೊದಲೇ ತಪ್ಪು ಜಾಗದಲ್ಲಿ ಬೆಳೆಯಿತಾ?

ಬೋಳಾರದವ:
ಆ ಕಾಲಕ್ಕೆ ಅದಕ್ಕಿಂತ ಒಳ್ಳೆ ಜಾಗ ಇರಲಿಲ್ಲ ಮಾರಾಯ್ರೆ. ಧಕ್ಕೆಯಲ್ಲಿ, ಅಂದ್ರೆ ದೋಣಿ ಕಟ್ಟುವ ಕಟ್ಟೆಯಲ್ಲಿ, ನಿಂತು ಪಶ್ಚಿಮಕ್ಕೆ ನೋಡಿ. ಎದುರಿಗಿರುವುದು ಗುರುಪುರ ಹೊಳೆ. ಆಚೆ ದಡದಲ್ಲಿ ಬೆಂಗ್ರೆಯ ಮರಳು, ಅದರ ಹಿಂದೆ ಕಡಲು. ಹೊಳೆ ಕಡಲಿನ ಪಕ್ಕದಲ್ಲೇ ದಕ್ಷಿಣಕ್ಕೆ ಹರಿದು, ನೇತ್ರಾವತಿಯನ್ನು ಸೇರಿ, ಅಳಿವೆಯಲ್ಲಿ (ಹೊಳೆಯ ಬಾಯಿಯಲ್ಲಿ) ಕಡಲಿಗೆ ಬೀಳುತ್ತದೆ. ಅಲೆಯ ಹೊಡೆತ ಇಲ್ಲದ ನೀರು. ಒಳನಾಡಿನ ಸರಕು ಎರಡು ಹೊಳೆಗಳಲ್ಲೂ ದೋಣಿಯಲ್ಲಿ ಇಳಿದು ಬರುತ್ತಿತ್ತು. ವ್ಯಾಪಾರಿಗೆ ಇನ್ನೇನು ಬೇಕು? ಗೋದಾಮು ಇಲ್ಲೇ ಎದ್ದವು. ಬೀದಿಗಳು ತಲೆಹೊರೆಗೆ, ಎತ್ತಿನ ಗಾಡಿಗೆ ಸಾಕಾಗುವಷ್ಟೇ ಇದ್ದವು.

ಆಮೇಲೆ ಬಂದವರೂ ಅದರ ಬೆನ್ನು ಹಿಡಿದರು. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು ಹೊಳೆದಂಡೆಯ ಮಣ್ಣು ನೋಡಿಯೇ. ಹಂಚು ಹೊರಗೆ ಹೋಗಲು ಹತ್ತಿರದಲ್ಲೇ ಬಂದರು. 1907ರಲ್ಲಿ ರೈಲು ದಕ್ಷಿಣದಿಂದ ನೇತ್ರಾವತಿ ದಾಟಿ ಬಂದು ಪೇಟೆಯ ಹತ್ತಿರ, ಈಗಿನ ಸೆಂಟ್ರಲ್ ನಿಲ್ದಾಣದಲ್ಲಿ, ನಿಂತಿತು. ಮುಂದೆ ದಾರಿ ಇಲ್ಲ. ಅದಕ್ಕೇ ಕೇರಳದಿಂದ ಮುಂಬೈಗೆ ಹೋಗುವ ನೇತ್ರಾವತಿ ಎಕ್ಸ್‌ಪ್ರೆಸ್ ಇವತ್ತಿಗೂ ಸೆಂಟ್ರಲ್‌ಗೆ ಬರುವುದಿಲ್ಲ. ನಾವೇ ಪಡೀಲಿನ ಜಂಕ್ಷನ್‌ಗೆ ಹೋಗಿ ಹತ್ತಬೇಕು.

ಹಳೇ ಧಕ್ಕೆ:
ಅಳಿವೆಯ ಹೂಳನ್ನು ಮರೆಯಬೇಡಿ. ದೊಡ್ಡ ಹಡಗು ಒಳಗೆ ಬರುವ ಹಾಗಿರಲಿಲ್ಲ. ಹೊರಗೆ ಲಂಗರು ಹಾಕಿ ದೋಣಿಯಲ್ಲಿ ಸರಕು ಇಳಿಸಬೇಕಿತ್ತು. ಅದಕ್ಕೇ ಪಣಂಬೂರಿನಲ್ಲಿ ನೆಲ ಅಗೆದು ಹೊಸ ಬಂದರು ಕಟ್ಟಿದರು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಆದರೆ ಅಲ್ಲಿಗೆ ಹೋದದ್ದು ಅದಿರು, ಎಣ್ಣೆ, ಗೊಬ್ಬರ. ಅದಕ್ಕೆ ಪೈಪು, ರೈಲು ಸಾಕು. ನಿಮ್ಮ ಸಾಹುಕಾರರ ವ್ಯಾಪಾರ ಹಾಗಲ್ಲ. ಪಕ್ಕದ ಅಂಗಡಿಯಿಂದ ಹತ್ತು ಚೀಲ ಕೈಸಾಲ, ಪುತ್ತೂರಿನ ಗಿರಾಕಿಗೆ ತಿಂಗಳ ಉದ್ರಿ, ಕರೆದ ಕೂಡಲೇ ಬರುವ ಹಮಾಲಿ, ಎಲ್ಲ ಒಂದೇ ಬೀದಿಯಲ್ಲಿ ಬೇಕು. ಒಬ್ಬನೇ ಹೋದರೆ ಹಾಳಾಗುತ್ತಾನೆ, ಎಲ್ಲರೂ ಒಟ್ಟಿಗೆ ಹೋಗುವುದು ಕಷ್ಟ. 2020ರಲ್ಲಿ ಸೆಂಟ್ರಲ್ ಮಾರ್ಕೆಟ್‌ನ ಸಗಟು ವ್ಯಾಪಾರವನ್ನು ಬೈಕಂಪಾಡಿಗೆ ಕಳಿಸಿದಾಗ ಎಷ್ಟು ವಿರೋಧ ಬಂತು, ನೆನಪುಂಟಲ್ವಾ? ಲಕ್ಷದ್ವೀಪಕ್ಕೆ ತರಕಾರಿ, ಸಿಮೆಂಟು ಹೊತ್ತ ಮಂಜಿಗಳು (ಸರಕಿನ ಸಣ್ಣ ಹಡಗುಗಳು) ಈಗಲೂ ಹಳೇ ಬಂದರಿನಿಂದಲೇ ಹೊರಡುತ್ತವೆ.

ಉಡುಪಿ ಕಡೆಯವಳು:
ನಮ್ಮ ಉಡುಪಿಯಲ್ಲಿ ಬೇರೆ ಥರ ಆಯ್ತು. ಕೃಷ್ಣಮಠ, ಅಷ್ಟಮಠ, ರಥಬೀದಿ ಇದ್ದಲ್ಲೇ ಇವೆ. ಅವನ್ನು ಯಾರೂ ಕದಲಿಸುವುದಿಲ್ಲ. ಹೊಸತೆಲ್ಲ ಪೂರ್ವದ ಗುಡ್ಡೆ ಹತ್ತಿತು. ಟಿ.ಎಂ.ಎ. ಪೈಯವರು 1953ರಲ್ಲಿ ಮಣಿಪಾಲದ ಬೋಳುಗುಡ್ಡೆಯಲ್ಲಿ ಮೆಡಿಕಲ್ ಕಾಲೇಜು ತೆರೆದರು. ಈಗ ಜಿಲ್ಲಾಧಿಕಾರಿ ಕಚೇರಿಯೂ ಮಣಿಪಾಲದಲ್ಲೇ. ರೈಲು ನಿಲ್ದಾಣ ನಡುವೆ ಇಂದ್ರಾಳಿಯಲ್ಲಿ.

ಬಂದರ್ ಗುಮಾಸ್ತ:
ಉದ್ರಿಯ ಮಾತು ನೂರಕ್ಕೆ ನೂರು ಸರಿ. ನಮ್ಮ ಲೆಕ್ಕದ ಪುಸ್ತಕದಲ್ಲಿ ಅರ್ಧ ಹೆಸರು ಇದೇ ಬೀದಿಯವರದ್ದು. ಹಾಗಾದ್ರೆ ಅಂಗಡಿ ಇಲ್ಲೇ ಇಟ್ಟು ಗೋದಾಮು ಮಾತ್ರ ಬೈಕಂಪಾಡಿಗೆ ಹಾಕಿದರೆ? ಲಾರಿ ಅಲ್ಲೇ ಇಳಿಸಲಿ, ಇಲ್ಲಿಗೆ ಸಣ್ಣ ಟೆಂಪೋ ಸಾಕು. ಯಾರಾದ್ರೂ ಹಾಗೆ ಮಾಡಿದವರಿದ್ದರೆ ಬಾಡಿಗೆ, ಸಾಗಾಟದ ಖರ್ಚು ಎಷ್ಟಾಗುತ್ತದೆ ಹೇಳಿ. ಸಾಹುಕಾರರ ಮುಂದೆ ಲೆಕ್ಕ ಇಡಬೇಕು.