ಪದ ಬೇಕು: ಸ್ಕಾಟ್ಲೆಂಡಿನ ನೇಕಾರರ ಮನೆಯ 'ಬಾಕ್ಸ್ ಬೆಡ್'

ನಮಸ್ಕಾರ. 19ನೇ ಶತಮಾನದ ಸ್ಕಾಟ್ಲೆಂಡಿನ ಹಳ್ಳಿಯ ನೇಕಾರರ ಮನೆಯ ಚಿತ್ರಕ್ಕೆ ಕನ್ನಡ ಹೆಸರುಗಳು ಬೇಕು, ಪುಟ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ. ಮಗ್ಗ, ಲಾಳಿ, ಕಂಡಿಕೆ ಆಯಿತು. ಉಳಿದದ್ದು ಬಾಕ್ಸ್ ಬೆಡ್, ಮೀಲ್ ಕಿಸ್ಟ್, ಮತ್ತೆ 'ಬಟ್', 'ಬೆನ್' ಎಂಬ ಎರಡು ಕೋಣೆ. ಮೊದಲನೆಯದಕ್ಕೆ 'ಪೆಟ್ಟಿಗೆ ಮಂಚ' ಎಂದರೆ ನಡೆಯುತ್ತದೆಯೇ?

---

> ಪೆಟ್ಟಿಗೆ ಮಂಚ

ನಡೆಯುವುದಿಲ್ಲ. ಈಗಿನವರಿಗೆ ಅದು ಹಲಗೆ ಎತ್ತಿ ಹೊದಿಕೆ, ದಿಂಬು ತುಂಬಿಡುವ ಮಂಚ. ಇಲ್ಲಿ ಮಲಗುವವರೇ ಪೆಟ್ಟಿಗೆಯೊಳಗೆ. ಮೂರು ಕಡೆ ಹಲಗೆ, ಮುಂದೆ ಸರಿಸುವ ಬಾಗಿಲು ಇಲ್ಲವೇ ಪರದೆ, ಚಳಿಗಾಳಿ ತಡೆಯಲು. ಮೇಲಿನ ಮುಚ್ಚಿಗೆ ಹುಲ್ಲಿನ ಸೂರಿನಿಂದ ಬೀಳುವ ಮಸಿ, ಹನಿಗೆ ಅಡ್ಡ. ಇಂಥವೆರಡನ್ನು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿದರೆ ಕೋಣೆಗಳ ನಡುವಿನ ಗೋಡೆಯೂ ಅದೇ. ಹಾಸಿಗೆಯಲ್ಲಿ ಓಟ್ಸ್ ಹೊಟ್ಟು. ಒಕ್ಕಣೆಯಾದ ಮೇಲೆ ಹಳೆಯದನ್ನು ಸುರಿದು ಹೊಸದು ತುಂಬುತ್ತಿದ್ದರು. ಮಕ್ಕಳ ಗಿಡ್ಡ ಗಾಲಿಮಂಚವನ್ನು ರಾತ್ರಿ ಅಡಿಯಿಂದ ಎಳೆಯುವುದು, ಬೆಳಿಗ್ಗೆ ತಳ್ಳುವುದು. ಕೆಟ್ಟದ್ದೆಂದರೆ ಒಳಗೆ ಗಾಳಿಯಾಡುವುದಿಲ್ಲ, ಹಾಸಿಗೆ ತೇವ ಹಿಡಿಯುತ್ತದೆ. 'ಗೂಡುಮಂಚ' ಎನ್ನಿ.

---

ಗೂಡು ಸರಿ. ಮಂಚ ಸಂಸ್ಕೃತ. ಹಾಸು ನಮ್ಮದು, ಹಳಗನ್ನಡದ ಪಾಸು. 'ಹಾಸುಗೂಡು' ಇರಲಿ. ಕಪಾಟು ಮಂಚ ಎಂದು ಮಾತ್ರ ಯಾರೂ ತರಬೇಡಿ, ಅದು ಇಂಗ್ಲಿಷಿನ ಕಬೋರ್ಡ್.

---

ತಪ್ಪು. ಸಂಸ್ಕೃತದಲ್ಲಿ ಕಪಾಟ ಎಂದರೆ ಕದ. ಹೃದಯದ ಕವಾಟವೂ ಅದೇ. ಇನ್ನು ನೇಕಾರರ ಮನೆಯ ಚಿತ್ರದಲ್ಲಿ 'ಹಾಸುಗೂಡು' ಬರೆದರೆ ಅನರ್ಥ. ಹಾಸು ಹೊಕ್ಕು, ಅಂದರೆ ಮಗ್ಗದ ಉದ್ದ ಅಡ್ಡ ಎಳೆ, ಗೊತ್ತಿದ್ದವರು ಅದನ್ನು ಮಗ್ಗದ ಭಾಗ ಅಂದುಕೊಳ್ಳುತ್ತಾರೆ.

---

ಕೋಣೆಗಳ ವಿಷಯ ಯಾರೂ ಎತ್ತಲಿಲ್ಲ. ಬಟ್, ಬೆನ್ ಹುಟ್ಟಿದ್ದು ಹೊರಗೆ, ಒಳಗೆ ಎಂಬರ್ಥದಲ್ಲೇ. ಆದರೂ ಬೆನ್‌ಗೆ 'ಒಳಮನೆ' ಹಾಕಬೇಡಿ. ನಮ್ಮಲ್ಲಿ ಒಳಗೆ ಎಂದರೆ ಅಡುಗೆ, ದೇವರು. ಅಲ್ಲಿ ಬೆಂಕಿ, ಅಡುಗೆ, ಊಟ ಎಲ್ಲ ಹೊರಗಿನ ಬಟ್‌ನಲ್ಲಿ. ಬೆನ್ ಒಪ್ಪವಾಗಿಟ್ಟ ಕೋಣೆ. 'ಒಲೆಕೋಣೆ', 'ಒಳಕೋಣೆ' ಎನ್ನಿ. ಗೂಡುಮಂಚವನ್ನು ಕೋಣೆಯೆಂದು ಎಣಿಸಬೇಡಿ: 1861ರ ಸ್ಕಾಟ್ಲೆಂಡ್ ಜನಗಣತಿ ಕಿಟಕಿಯಿದ್ದ ಕೋಣೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯಿತು.

ಮೀಲ್ ಕಿಸ್ಟ್ 'ಹಿಟ್ಟಿನ ಪೆಟ್ಟಿಗೆ'. ಕಣಜ ಬೇಡ, ಅದು ಕಾಳಿಗೆ. ಓಟ್ಸ್ ಹಿಟ್ಟಿನಲ್ಲಿ ಎಣ್ಣೆಯಂಶ ಹೆಚ್ಚು, ಗಾಳಿ ಸೇರಿದರೆ ಕಮಟುತ್ತದೆ. ಅದಕ್ಕೇ ಪೆಟ್ಟಿಗೆಯೊಳಗೆ ಇಳಿದು ಕಾಲಲ್ಲಿ ತುಳಿದು ಗಟ್ಟಿ ಮಾಡುತ್ತಿದ್ದರು. ಅಳತೆ 'ಬೋಲ್', ಹಿಟ್ಟಿನ ಒಂದು ಬೋಲ್ 140 ಪೌಂಡು, ಸುಮಾರು 63 ಕಿಲೊ.

---

ಪೆಟ್ಟಿಗೆಯೂ ಸಂಸ್ಕೃತದ ಪೇಟಿಕೆಯೇ.

---

ತಮಿಳಿನ ಪೆಟ್ಟಿ ಎಲ್ಲಿಂದ ಬಂತು? ದ್ರಾವಿಡ ನಿಘಂಟು ತೆರೆದು ನೋಡಿ. ಸಂಸ್ಕೃತವೇ ಇರಲಿ, ಕುರ್ಚಿ ಅರಬ್ಬಿ, ಅಲಮಾರು ಪೋರ್ಚುಗೀಸ್. ಮನೆಮನೆಯ ಬಾಯಲ್ಲಿ ಉರುಳಿದ ಮೇಲೆ ಅವು ಕನ್ನಡವೇ.

---

ಉರುಳಿದ್ದೆಲ್ಲ ಕನ್ನಡವಾದರೆ ಬಾಕ್ಸ್ ಬೆಡ್ ಎಂದೇ ಬರೆಯಬಹುದಿತ್ತು, ಪದ ಯಾಕೆ ಕೇಳಬೇಕಿತ್ತು? ಮಂಚಕ್ಕೆ ನನ್ನ ಒಪ್ಪಿಗೆ ಇಲ್ಲ.

---

ಎಲ್ಲರಿಗೂ ನಮಸ್ಕಾರ. ಗೂಡುಮಂಚ, ಹಿಟ್ಟಿನ ಪೆಟ್ಟಿಗೆ, ಒಲೆಕೋಣೆ, ಒಳಕೋಣೆ ಹಾಕಿದೆ. ಇನ್ನೊಂದು: ಓಟ್ಸ್ ಗಂಜಿ ತಿರುವುವ 'ಸ್ಪರ್ಟಲ್'ಗೆ ಮುದ್ದೆಕೋಲು ಆಗುತ್ತದೆಯೇ?

---

ಆಗುವುದಿಲ್ಲ. ಮುದ್ದೆಕೋಲು ಗಟ್ಟಿ ಹಿಟ್ಟನ್ನು ಒತ್ತಿ ತಿರುವಲು. ಸ್ಪರ್ಟಲ್ ತೆಳ್ಳನೆಯ ದುಂಡು ಕೋಲು. ಒಂದು ಕೈಯಲ್ಲಿ ಹಿಟ್ಟು ಉದುರಿಸುತ್ತಾ ಇನ್ನೊಂದರಲ್ಲಿ ಗಂಟಾಗದಂತೆ ತಿರುವುವುದಕ್ಕೆ. 'ಗಂಜಿಕೋಲು' ಎಂದು ಬರೆಯಿರಿ.